ಬಾಗಿಲಿನಿಂದ ಬೆಂಚಿಗೆ ಎಷ್ಟು ದೂರ?

1856ನೇ ಇಸವಿ, ಜೂನ್ ತಿಂಗಳು. ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಸೇರಲು ಹೋದ. ಎಲ್ಲರೂ ಕೊಡುವ ಫೀಜನ್ನು ತಾನೂ ಕೊಡ್ತೀನಿ ಅಂದ. ಸೇರಿಸಿಕೊಳ್ಳಲಿಲ್ಲ. ಅವನ ಕಡೆಯಿಂದ ಮುಂಬಯಿ ಸರ್ಕಾರಕ್ಕೆ ಅರ್ಜಿ ಹೋಯಿತು. ನಮ್ಮ ಚರಿತ್ರೆಯ ಪುಸ್ತಕಗಳು 1857ರ ದಂಗೆಯ ಬಗ್ಗೆ ಪುಟಗಟ್ಟಲೆ ಬರೀತವೆ. ಅದಕ್ಕೆ ಒಂದು ವರ್ಷ ಮೊದಲು, ಕೈಯಲ್ಲಿ ಕತ್ತಿಯಿಲ್ಲದೆ, ಶಾಲೆಯ ಹೊಸ್ತಿಲ ಮುಂದೆ ನಿಂತು ಒಬ್ಬ ಹುಡುಗ ಮಾಡಿದ ದಂಗೆಯ ಬಗ್ಗೆ ಒಂದು ಸಾಲೂ ಇರೋದಿಲ್ಲ. ಅದಕ್ಕೇ ನಾವು ನಮ್ಮ ಚರಿತ್ರೆಯನ್ನು ಅಲ್ಲಿಂದ ಶುರುಮಾಡ್ತೇವೆ.

ಆ ಅರ್ಜಿಗೆ ಬಂದ ಉತ್ತರ ನೋಡಿ. ಅದೇ ವರ್ಷ ಜುಲೈನಲ್ಲಿ ಮುಂಬಯಿ ಸರ್ಕಾರ ಠರಾವು ಮಾಡಿತು. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಅದು ಒಪ್ಪಿಕೊಂಡಿತು. ಆದರೆ ತಲೆತಲಾಂತರದಿಂದ ಬಂದ ಪೂರ್ವಗ್ರಹಕ್ಕೆ ಒಬ್ಬಿಬ್ಬರ ಸಲುವಾಗಿ ಏಕಾಏಕಿ ಕೈಹಾಕಿದರೆ ವಿದ್ಯಾಭ್ಯಾಸದ ಕೆಲಸಕ್ಕೇ ಧಕ್ಕೆಯಾದೀತು, ಈ ಕಷ್ಟವನ್ನು ಹುಟ್ಟಿಸಿದ್ದು ಈ ಸರ್ಕಾರವಲ್ಲ, ಅದನ್ನು ತಟ್ಟನೆ ನಿವಾರಿಸುವುದೂ ಸರ್ಕಾರದ ಕೈಲಾಗದು ಅಂತ ಹೇಳಿ ಕೈತೊಳೆದುಕೊಂಡಿತು. ಅಂದರೆ ಏನು? ನ್ಯಾಯ ನಿನ್ನದು, ಶಾಲೆ ಅವರದು. ಈ ಉತ್ತರದ ಭಾಷೆ ಇವತ್ತಿಗೂ ನಮಗೆ ಹೊಸದಲ್ಲ. ತಾಲ್ಲೂಕು ಕಚೇರಿಯಲ್ಲಿ, ಪಂಚಾಯ್ತಿ ಕಟ್ಟೆಯಲ್ಲಿ ನಾವು ಇದನ್ನೇ ಕೇಳಿದ್ದೇವೆ.

ವಿಷಯ ಕಲ್ಕತ್ತೆಗೆ ಹೋಯಿತು. 1857ರ ಜನವರಿಯಲ್ಲಿ ಭಾರತ ಸರ್ಕಾರ, ಬಂಗಾಳ ಪ್ರಾಂತ್ಯದ ಸರ್ಕಾರಿ ಶಾಲೆಯಾಗಿದ್ದರೆ ಈ ಹುಡುಗನನ್ನು ಹೊರಗಿಡುತ್ತಿರಲಿಲ್ಲ ಎಂದಿತು. ಲಂಡನ್ನಿಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ಡೈರೆಕ್ಟರುಗಳು, ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು, ಈ ತತ್ವವನ್ನು ಬಿಟ್ಟುಕೊಡಲಾಗದು ಎಂದು ಬರೆದರು. ಆಮೇಲೆ ಮುಂಬಯಿ ಸರ್ಕಾರ ಒಂದು ನಿಯಮ ಮಾಡಿತು: ಪೂರ್ತಿ ಸರ್ಕಾರದ ಖರ್ಚಿನಲ್ಲೇ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರುತ್ತವೆ. ಊರವರೂ ವಂತಿಗೆ ಕೊಟ್ಟು ನಡೆಸುವ ಶಾಲೆಗಳಲ್ಲಿ, ಆ ವಂತಿಗೆದಾರರು ಬೇಡ ಅಂದರೆ, ಕೆಳಜಾತಿ ಹುಡುಗರನ್ನು ಒಳಕ್ಕೆ ತರುವ ಯೋಚನೆ ಸರ್ಕಾರಕ್ಕಿಲ್ಲ. ಹಾಗೆ ಹೊರಗಿಟ್ಟ ಶಾಲೆಗೆ ಗ್ರಾಂಟು ನಿಲ್ಲಿಸುವ ಹಕ್ಕು ಮಾತ್ರ ತನ್ನ ಕೈಯಲ್ಲಿದೆ ಅಂದಿತು. ಬಾಗಿಲು ತೆರೀತು. ಆದರೆ ಕಾಲುಭಾಗ.

ಈ ಕಥೆಯನ್ನು ಮರೆಯದೆ ಎತ್ತಿ ಹಿಡಿದವರು ಬಾಬಾಸಾಹೇಬರು. 1928ರಲ್ಲಿ ಸೈಮನ್ ಕಮಿಷನ್ನಿಗೆ ಬಹಿಷ್ಕೃತ ಹಿತಕಾರಿಣೀ ಸಭೆಯ ಪರವಾಗಿ ಮುಂಬಯಿ ಪ್ರಾಂತ್ಯದ ದಲಿತರ ವಿದ್ಯಾಭ್ಯಾಸದ ಬಗ್ಗೆ ಅವರು ಹೇಳಿಕೆ ಕೊಟ್ಟರು. ಅದರಲ್ಲಿ ಧಾರವಾಡದ ಈ ಪ್ರಕರಣವನ್ನು ದಾಖಲೆ ಸಮೇತ ಇಟ್ಟರು. ಅದೇ ಹೇಳಿಕೆಯಲ್ಲಿ ಇನ್ನೂ ಹಿಂದಿನ ಒಂದು ಸಂಗತಿಯೂ ಇದೆ. 1820ರ ದಶಕದಲ್ಲಿ ಮುಂಬಯಿಯ ಗವರ್ನರ್ ಆಗಿದ್ದ ಮೌಂಟ್‌ಸ್ಟೂಅರ್ಟ್ ಎಲ್ಫಿನ್‌ಸ್ಟನ್, ಅತ್ಯಂತ ಕೆಳಗಿನ ಜಾತಿಯ ಮಕ್ಕಳೇ ಒಳ್ಳೆಯ ವಿದ್ಯಾರ್ಥಿಗಳಾಗ್ತಾರೆ ಅಂತ ಪಾದ್ರಿಗಳು ಕಂಡುಕೊಂಡಿದ್ದಾರೆ ಎಂದು ಬರೆದ. ಬರೆದು, ಆದ್ದರಿಂದ ಎಚ್ಚರ, ಮೊದಲು ಅವರಿಗೆ ಕಲಿಸಿದರೆ ವಿದ್ಯೆ ಅಲ್ಲೇ ನಿಂತುಬಿಡುತ್ತದೆ, ಮೇಲಿನವರು ಮುಟ್ಟೋದಿಲ್ಲ ಅಂದ. ನಮ್ಮ ಮಕ್ಕಳಿಗೆ ಬುದ್ಧಿ ಇಲ್ಲ ಅಂತ ಅಲ್ಲ, ಬುದ್ಧಿ ಇದೆ ಅಂತ ಗೊತ್ತಿದ್ದೇ ಅವರನ್ನು ಹೊರಗೆ ನಿಲ್ಲಿಸಿದರು. ಗೆಳೆಯರೇ, ಇದನ್ನು ನೆನಪಿಟ್ಟುಕೊಳ್ಳಿ. "ನಿಮ್ಮ ಮಕ್ಕಳು ದಡ್ಡರು" ಅನ್ನೋ ಮಾತು ಬಾಗಿಲು ಹಾಕಿದ ಮೇಲೆ ಹುಟ್ಟಿದ್ದು.

ನಾವಿಲ್ಲಿ ಕೇಳಬೇಕಾದ ಪ್ರಶ್ನೆ ಬಾಗಿಲಿನದು ಮಾತ್ರವಲ್ಲ. ಬಾಗಿಲು ದಾಟಿದ ಹುಡುಗ ಎಲ್ಲಿ ಕೂತ? ಅವನ ಸ್ಲೇಟು ಯಾರು ನೋಡಿದರು? ಬಾಯಾರಿದಾಗ ನೀರು ಯಾರು ಕೊಟ್ಟರು? ಅವನು ತಪ್ಪು ಮಾಡಿದಾಗ ಮೇಷ್ಟ್ರು ಏನಂದರು? ಶಿಕ್ಷಣದ ಚರಿತ್ರೆ ಬರೆದವರು ಆಜ್ಞೆಗಳನ್ನೂ ವರದಿಗಳನ್ನೂ ಎಣಿಸಿದ್ದಾರೆ. ಕೋಣೆಯ ಒಳಗೆ ಬಗ್ಗಿ ನೋಡಿದವರು ಕಡಿಮೆ.

ಹಳೇ ಕಾಲದ ಕೂಲಿಮಠಗಳಲ್ಲಿ ಪಾಠ ಅಂದರೆ ಬಾಯಿಪಾಠ. ಮರಳ ಮೇಲೆ ಬೆರಳಿನಿಂದ ತಿದ್ದೋದು, ಮಗ್ಗಿ ಕೂಗೋದು, ಅಮರಕೋಶ ಒಪ್ಪಿಸೋದು. ಕಲಿಯದಿದ್ದರೆ ಬೆತ್ತ, ಕೋದಂಡ. ಈ ಪದ್ಧತಿಯಲ್ಲಿ ಕಲಿಯೋದು ಎರಡು ದಾರಿಯಿಂದ. ಒಂದು ಕಿವಿ, ಇನ್ನೊಂದು ಮೇಷ್ಟ್ರ ಕೈ. ಕೈ ಹಿಡಿದು ಅಕ್ಷರ ತಿದ್ದಿಸಿದರೇ ಅಕ್ಷರ. ಈಗ ಯೋಚನೆ ಮಾಡಿ: ಜಗಲಿಯಲ್ಲಿ, ಕಿಟಕಿಯಾಚೆ ಕೂತ ನಮ್ಮ ಹುಡುಗನಿಗೆ ಕಿವಿ ಸಿಕ್ಕಿತು, ಕೈ ಸಿಗಲಿಲ್ಲ. ಮುಟ್ಟಿದರೆ ಮೈಲಿಗೆ. ಸ್ಲೇಟು ಮುಟ್ಟದ ಮೇಷ್ಟ್ರು ತಪ್ಪನ್ನು ಹೇಗೆ ತಿದ್ದಿಯಾರು? ದೂರದಿಂದಲೇ ನೋಡಿ "ಸರಿ ಇಲ್ಲ" ಅಂದರು. ಏನು ಸರಿ ಇಲ್ಲ, ಯಾಕೆ ಸರಿ ಇಲ್ಲ ಅಂತ ಹೇಳಲಿಲ್ಲ. ಅಸ್ಪೃಶ್ಯತೆ ನಮ್ಮ ಮಾನ ಕಳೆದದ್ದು ಹಾಗಿರಲಿ. ಅದು ಕಲಿಕೆಯ ಒಂದು ದಾರಿಯನ್ನೇ ಕಡಿದುಹಾಕಿತು. ಇದು ಪಾಠ ಹೇಳುವ ವಿದ್ಯೆಗೆ ಸಂಬಂಧಿಸಿದ ಮಾತು. ದಯೆಗೆ ಸಂಬಂಧಿಸಿದ್ದಲ್ಲ.

ಬೇರೆ ಥರದ ಕೋಣೆ ಸಾಧ್ಯವಿತ್ತು. ಅದಕ್ಕೆ ಸಾಕ್ಷಿಯೂ ಅದೇ ಕಾಲದ್ದು. ಧಾರವಾಡದ ಹುಡುಗನ ಅರ್ಜಿಗೆ ಒಂದು ವರ್ಷ ಮೊದಲು, 1855ರಲ್ಲಿ, ಪುಣೆಯ ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಅವರ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾಬಾಯಿ ಎಂಬ ಮಾಂಗ್ ಹುಡುಗಿಯ ಪ್ರಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಅವಳಿಗೆ ಆಗ ಸುಮಾರು 14 ವರ್ಷ. ಮಹಾರ್ ಮಾಂಗರ ದುಃಖದ ಬಗ್ಗೆ ಅವಳು ಬರೆದಳು. ವೇದ ಓದುವ ಹಕ್ಕಿಲ್ಲದ ನಮ್ಮ ಧರ್ಮ ಯಾವುದು ಅಂತ ಕೇಳಿದಳು. ತನ್ನ ಕೇರಿಯ ಹೆಂಗಸರು ಹೆರಿಗೆಯಲ್ಲಿ ತಲೆಯ ಮೇಲೆ ಸೂರಿಲ್ಲದೆ ಪಡುವ ಪಾಡನ್ನು ಬರೆದಳು. ಕೆಲವೇ ವರ್ಷ ಶಾಲೆ ಕಂಡ ಹುಡುಗಿ ಅವಳು.

ಇದು ಹೇಗಾಯಿತು? ಮುಕ್ತಾಬಾಯಿಗೆ ಯಾರೋ ಒಳ್ಳೆಯ ಅಕ್ಷರ ಬರೆಯೋದನ್ನಷ್ಟೇ ಕಲಿಸಿದ್ದರೆ ಆ ಪ್ರಬಂಧ ಹುಟ್ಟುತ್ತಿರಲಿಲ್ಲ. ನಿನ್ನ ಕೇರಿಯಲ್ಲಿ ನೀನು ಕಂಡದ್ದು ಬರೆಯೋಕೆ ಯೋಗ್ಯವಾದದ್ದು ಅಂತ ಅವಳಿಗೆ ಆ ಕೋಣೆಯಲ್ಲಿ ಅನ್ನಿಸಿದ್ದರಿಂದ ಹುಟ್ಟಿತು. 1848ರಲ್ಲಿ ಹುಡುಗಿಯರಿಗೆ ಶಾಲೆ ತೆರೆದು, ದಾರಿಯಲ್ಲಿ ಸಗಣಿ ಕಲ್ಲು ಎಸೆಸಿಕೊಂಡು ಪಾಠಕ್ಕೆ ಹೋಗುತ್ತಿದ್ದ ಸಾವಿತ್ರಿಬಾಯಿಗೆ, ಕಲಿಯೋಕೆ ಬಂದ ಹುಡುಗಿಗೆ ಏನು ಬೇಕು ಅಂತ ಯಾವ ಟ್ರೈನಿಂಗ್ ಕಾಲೇಜೂ ಹೇಳಿಕೊಡಬೇಕಾಗಿರಲಿಲ್ಲ. ಹದಿನಾಲ್ಕರ ವಯಸ್ಸು ಅಂದರೆ ಪ್ರಶ್ನೆ ಕೇಳುವ ವಯಸ್ಸು. 'ನಾನು ಯಾರು, ನನ್ನನ್ನು ಯಾಕೆ ಹೀಗೆ ನೋಡ್ತಾರೆ' ಅಂತ ಒಳಗೇ ಕುದಿಯುವ ವಯಸ್ಸು. ಆ ಕುದಿಯನ್ನು ಮೆಟ್ಟಿ ಕೂರಿಸುವ ಕೋಣೆ ಒಂದು. ಅದಕ್ಕೆ ಬಳಪ ಕೊಡುವ ಕೋಣೆ ಇನ್ನೊಂದು.

1882ರಲ್ಲಿ ಹಂಟರ್ ಕಮಿಷನ್ ಮುಂದೆ ಫುಲೆ ಹೇಳಿದ್ದನ್ನು ನಮ್ಮ ಬಿ.ಎಡ್. ಕಾಲೇಜುಗಳು ಮೊದಲ ಪಾಠವಾಗಿ ಇಡಬೇಕಿತ್ತು. ರೈತರ ಬೆವರಿನ ಕಂದಾಯದಿಂದ ಮೇಲಿನವರ ಮಕ್ಕಳ ಓದಿಗೆ ಖರ್ಚು ಮಾಡ್ತಿದ್ದೀರಿ ಅಂದರು. 12 ವರ್ಷದವರೆಗೆ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿ ಅಂದರು. ಮೇಷ್ಟ್ರುಗಳು ಎಂಥವರಾಗಿರಬೇಕು ಅಂತಲೂ ಹೇಳಿದರು: ಬೇಕಾದಾಗ ನೇಗಿಲ ಮೇಣಿ, ಬಡಗಿಯ ಬಾಚಿ ಹಿಡಿಯಲು ನಾಚದವರು, ಕೆಳಗಿನ ಜನರ ಜೊತೆ ಸಲೀಸಾಗಿ ಬೆರೆಯುವವರು. ಪಾಠದಲ್ಲಿ ಬೇಸಾಯ ಇರಲಿ, ಆರೋಗ್ಯ ಇರಲಿ, ಲೆಕ್ಕ ಇರಲಿ ಅಂದರು. ಹುಡುಗನ ಮನೆಯ ಕಸುಬಿಗೂ ಶಾಲೆಯ ಪಾಠಕ್ಕೂ ನಡುವೆ ಗೋಡೆ ಇರಬಾರದು ಅನ್ನೋದನ್ನು ಫುಲೆ 140 ವರ್ಷದ ಹಿಂದೆಯೇ ಹೇಳಿದ್ದರು. ನಮ್ಮಲ್ಲಿ ಅದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿ ದೊಡ್ಡ ಹೊಸ ವಿಚಾರ ಅನ್ನೋ ಹಾಗೆ ಬಂತು.

ಕಮಿಷನ್ ಏನು ಮಾಡಿತು? ಜಾತಿಯ ಕಾರಣಕ್ಕೆ ಯಾವ ಹುಡುಗನನ್ನೂ ಸರ್ಕಾರಿ ಶಾಲೆಯಿಂದ ಹೊರಗಿಡಕೂಡದು ಅನ್ನೋ ತತ್ವವನ್ನು ಮತ್ತೆ ಹೇಳಿ, ಅದನ್ನು ಹುಷಾರಾಗಿ ಜಾರಿ ಮಾಡಿ ಅಂತ ಬಾಲ ಸೇರಿಸಿತು. ಎಲ್ಲಿ ಕಷ್ಟವೋ ಅಲ್ಲಿ ಬೇರೆ ಶಾಲೆ ತೆರೆಯಿರಿ ಅಂದಿತು.

ಹುಷಾರಾಗಿ ಜಾರಿ ಮಾಡಿದ ತತ್ವದ ಫಲವನ್ನು ಉಂಡವರು ಭೀಮರಾವ್ ಎಂಬ ಹುಡುಗ. ಸಾತಾರಾದ ಶಾಲೆಯಲ್ಲಿ ಅವರು ಎಲ್ಲರ ಜೊತೆ ಕೂರುವ ಹಾಗಿರಲಿಲ್ಲ. ಮನೆಯಿಂದ ಗೋಣಿತಾಟು ಒಯ್ಯಬೇಕು, ಮೂಲೆಯಲ್ಲಿ ಹಾಸಿಕೊಂಡು ಕೂರಬೇಕು, ಸಂಜೆ ವಾಪಸ್ ಒಯ್ಯಬೇಕು. ಯಾಕೆಂದರೆ ಶಾಲೆ ಗುಡಿಸುವ ಆಳು ಆ ಗೋಣಿಯನ್ನು ಮುಟ್ಟುವುದಿಲ್ಲ. ನೀರಿನ ನಲ್ಲಿ ಜವಾನ ಬಂದು ತಿರುಗಿಸಿದರೆ ಕುಡಿಯಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಬಂದ ಮೇಲೂ ಕಥೆ ಮುಗಿಯಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸು ಅಂತ ಮೇಷ್ಟ್ರು ಕರೆದಾಗ ಬೋರ್ಡಿನ ಹಿಂದೆ ಇಟ್ಟಿದ್ದ ಊಟದ ಡಬ್ಬಿಗಳನ್ನು ಎತ್ತಿಕೊಳ್ಳಲು ಹುಡುಗರು ಓಡಿದ ಸಂಗತಿಯನ್ನು ಜೀವನಚರಿತ್ರೆಕಾರ ಧನಂಜಯ ಕೀರ್ ದಾಖಲಿಸಿದ್ದಾರೆ. ಸಂಸ್ಕೃತ ಕಲಿಯಬೇಕು ಅಂದರೆ ಬಿಡಲಿಲ್ಲ, ಪರ್ಶಿಯನ್ ತೆಗೆದುಕೊಂಡರು. 1907ರಲ್ಲಿ ಮೆಟ್ರಿಕ್ ಪಾಸಾದರು.

ಒಬ್ಬ ಅಂಬೇಡ್ಕರ್ ದಾಟಿದರು ಅಂತ ನಾವು ಹೆಮ್ಮೆಪಡ್ತೇವೆ, ಸರಿ. ಆದರೆ "ನೋಡು, ಅಂಬೇಡ್ಕರ್ ಓದಲಿಲ್ಲವಾ? ನೀನ್ಯಾಕೆ ಓದಲ್ಲ?" ಅಂತ ನಮ್ಮ ಹುಡುಗರ ತಲೆ ಮೇಲೆ ಕುಟ್ಟುವ ಮೇಷ್ಟ್ರುಗಳಿಗೆ ನಾವು ತಿರುಗಿ ಕೇಳಬೇಕು: ಆ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಕೂತ ಮಿಕ್ಕವರೆಲ್ಲ ಎಲ್ಲಿ ಹೋದರು ಸ್ವಾಮಿ? ಒಬ್ಬ ದಾಟಿದ್ದು ಅವನ ಗಟ್ಟಿತನ. ಸಾವಿರ ಜನ ದಾಟದೆ ಹೋದದ್ದು ಕೋಣೆಯ ಅಪರಾಧ.

ಹಾಗಾದರೆ ಬೇರೆ ಶಾಲೆ ಒಳ್ಳೆಯದಾ, ಒಂದೇ ಶಾಲೆ ಒಳ್ಳೆಯದಾ? ಈ ಪ್ರಶ್ನೆ ನಮ್ಮ ನಾಡಿನಲ್ಲಿ ಬಹಳ ಕಾಲ ಕಾಡಿತು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ಶುರುಮಾಡಿದರು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ತಮ್ಮ ಸಾರಸ್ವತ ಸಮಾಜದ ಬಹಿಷ್ಕಾರ ತಿಂದರು. ಅವರು ಓದಿನ ಜೊತೆಗೆ ಕೈಕಸುಬನ್ನೂ ಹೇಳಿಕೊಟ್ಟರು. ಹೊಟ್ಟೆಗಿಲ್ಲದ ಮನೆಯಿಂದ ದುಡಿಯುವ ವಯಸ್ಸಿನ ಹುಡುಗನನ್ನು ಕರೆತಂದು ಬರೀ ಕಾಗುಣಿತ ಹೇಳಿದರೆ ಅವನು ಮಾರನೇ ದಿನ ಬರೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಮೈಸೂರು ಸಂಸ್ಥಾನವೂ ಪಂಚಮರಿಗೆ ಅಂತ ಬೇರೆ ಶಾಲೆ ನಡೆಸಿತು. 1910ರ ದಶಕ ಮುಗಿಯುವ ಹೊತ್ತಿಗೆ ಸರ್ಕಾರಿ ಶಾಲೆಗಳು ಎಲ್ಲರಿಗೂ ಅಂತ ಸಾರಿತು. ಮೇಲ್ಜಾತಿಯ ತಂದೆತಾಯಿಗಳು ಗುಲ್ಲೆಬ್ಬಿಸಿದರು. ಪಕ್ಕದ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಶಾಲೆಗಳನ್ನೇ ಮುಚ್ಚಿಸಿ, ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕೂರಲಿ ಅಂತ ಹುಕುಂ ಮಾಡಿದರು.

ಬೇರೆ ಶಾಲೆಯಲ್ಲಿ ನಮ್ಮ ಮಗುವಿಗೆ ಅವಮಾನ ಕಡಿಮೆ. ಆದರೆ ಬೇರೆ ಶಾಲೆ ಅಂದರೆ ಬಡ ಶಾಲೆ, ಒಬ್ಬನೇ ಮೇಷ್ಟ್ರು, ನಾಲ್ಕನೇ ಕ್ಲಾಸಿಗೆ ಮುಕ್ತಾಯ. ಹೈಸ್ಕೂಲು ಬೇರೆ ಕಟ್ಟೋದಿಲ್ಲವಲ್ಲ! ಒಂದೇ ಶಾಲೆಯಲ್ಲಿ ಹಕ್ಕು ಇದೆ. ಆದರೆ ಆ ಹಕ್ಕಿನ ಬೆಲೆಯನ್ನು ದಿನಾ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕಟ್ಟಬೇಕಾದ್ದು ಹದಿಮೂರು ವರ್ಷದ ಹುಡುಗ. ದೊಡ್ಡವರು ಊರಿನ ಬಾವಿಗೆ ಹೋಗೋಕೆ ಹೆದರುತ್ತಿದ್ದ ಕಾಲದಲ್ಲಿ, ನಾವು ನಮ್ಮ ಮಕ್ಕಳನ್ನು ಮೇಲ್ಜಾತಿಯವರ ನಡುವೆ ಒಂಟಿಯಾಗಿ ಕಳಿಸಿದೆವು. ಮೊದಲ ಸತ್ಯಾಗ್ರಹಿಗಳು ನಮ್ಮ ಹೈಸ್ಕೂಲು ಹುಡುಗರೇ.

ಈ ಎರಡೂ ಕಷ್ಟದ ನಡುವೆ ಬಾಬಾಸಾಹೇಬರು ಮೂರನೇ ದಾರಿ ಕಂಡರು. ಅದು ಹಾಸ್ಟೆಲು. ಓದು ಎಲ್ಲರ ಜೊತೆ, ಊಟ ನಿದ್ದೆ ಮಾತು ನಮ್ಮವರ ಜೊತೆ. 1928ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿದರು. ಅದರ ಆಶ್ರಯದಲ್ಲಿ ಹೈಸ್ಕೂಲು ಓದುವ ದಲಿತ ವಿದ್ಯಾರ್ಥಿಗಳಿಗೆ ಹಾಸ್ಟೆಲುಗಳು ನಡೆದವು. ಅವುಗಳಲ್ಲಿ ಒಂದು ಧಾರವಾಡದಲ್ಲಿ. ಒಂದು ಹುಡುಗನಿಗೆ ಜಾಗವಿಲ್ಲ ಅಂದ ಊರಿನಲ್ಲಿ, ಏಳು ದಶಕ ದಾಟಿದ ಮೇಲೆ, ಹುಡುಗರ ಗುಂಪೇ ದೀಪ ಹಚ್ಚಿಕೊಂಡು ಓದಲು ಕೂತಿತು. ಯಾವ ವೈಸರಾಯ್ ಭೇಟಿಗಿಂತಲೂ ಇದು ದೊಡ್ಡ ಘಟನೆ ಅಂತ ನಾವು ತಿಳಿದಿದ್ದೇವೆ.

ಹಾಸ್ಟೆಲು ಯಾಕೆ ಮುಖ್ಯ? ಹಗಲು ಕ್ಲಾಸಿನಲ್ಲಿ ಬಾಯಿಬಿಡದ ಹುಡುಗ ರಾತ್ರಿ ಹಾಸ್ಟೆಲಿನಲ್ಲಿ ಬಾಯಿಬಿಟ್ಟ. ಲೆಕ್ಕ ಗೊತ್ತಿದ್ದವನು ಗೊತ್ತಿಲ್ಲದವನಿಗೆ ಹೇಳಿದ. ತಿಳಿಯಲಿಲ್ಲ ಅಂತ ಹೇಳಿಕೊಳ್ಳೋಕೆ ಅಲ್ಲಿ ನಾಚಿಕೆ ಇರಲಿಲ್ಲ. ದೊಡ್ಡ ತರಗತಿಯ ಅಣ್ಣ ಸಣ್ಣವನ ನೋಟ್‌ಬುಕ್ ಮುಟ್ಟಿ ತಿದ್ದಿದ. ಕೂಲಿಮಠದ ಜಗಲಿಯಲ್ಲಿ ನಮಗೆ ಸಿಗದೇ ಹೋದ ಆ ಕೈ ಇಲ್ಲಿ ಸಿಕ್ಕಿತು. ಈಗ ಇದನ್ನೇ ಗುಂಪು ಕಲಿಕೆ, ಜೊತೆಗಾರರ ಬೋಧನೆ ಅಂತ ತರಬೇತಿ ಶಿಬಿರಗಳಲ್ಲಿ ಚಾರ್ಟು ಬರೆದು ತೋರಿಸ್ತಾರೆ. ನಮ್ಮ ಹುಡುಗರು ಅದನ್ನು ಸೀಮೆಎಣ್ಣೆ ದೀಪದ ಸುತ್ತ ಕಂಡುಕೊಂಡಿದ್ದರು.

ಅನ್ನ ಹುಳುಬಿದ್ದಿತ್ತು, ಸಾರು ನೀರಾಗಿತ್ತು, ವಾರ್ಡನ್ ಕಳ್ಳನಾಗಿದ್ದ. ಇದೆಲ್ಲ ನಿಜ. ಆದರೂ ಕರ್ನಾಟಕದ ದಲಿತ ಚಳವಳಿ ಹುಟ್ಟಿದ್ದು ಹಾಸ್ಟೆಲಿನ ಊಟದ ಸಾಲಿನಲ್ಲಿ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಸಿದ್ಧಲಿಂಗಯ್ಯನಂಥ ಹುಡುಗರು ಬೆಳೆದರು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಊರೂರಲ್ಲಿ ಕಲ್ಲು ಬಿದ್ದದ್ದು ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲುಗಳ ಮೇಲೆ. ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆ ಏಟು ತಿಂದ ಹುಡುಗರು ಒಟ್ಟಾದರು. ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿ ಕಟ್ಟಿದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಬಂತು. ಪಾಠದ ಪುಸ್ತಕದಲ್ಲಿ ನಮಗೇನಿದೆ ಅಂತ ಕೇಳಿದ್ದೇ ಇದರ ಬೀಜ. ಅದು ಕಲಿಕೆಯ ಪ್ರಶ್ನೆಯಾಗಿತ್ತು. ಅವರು ಅದಕ್ಕೆ ಕಲ್ಲಿನಿಂದ ಉತ್ತರ ಕೊಟ್ಟರು.

ಇನ್ನು ಭಾಷೆಯ ಮಾತು. ಮೈಸೂರು ಸೀಮೆಯ ಕೇರಿಯ ಹುಡುಗ 'ಹಾಲು' ಅನ್ನೋದಕ್ಕೆ 'ಆಲು' ಅಂತಾನೆ, 'ಹಸು'ವಿಗೆ 'ಅಸ' ಅಂತಾನೆ. ಎದ್ದು ನಿಂತು ಪಾಠ ಓದಿದರೆ ಕ್ಲಾಸು ಗೊಳ್ಳೆಂದು ನಗುತ್ತದೆ. ಮೇಷ್ಟ್ರೂ ನಗ್ತಾರೆ. ಆಮೇಲೆ ಅವನು ಏಳುವುದಿಲ್ಲ. 'ಗೊತ್ತಿದ್ರೂ ಹೇಳಲ್ಲ, ಮೊದ್ದು' ಅಂತ ಹಣೆಪಟ್ಟಿ ಅಂಟುತ್ತದೆ. ಆ ನಗು ಒಂದು ವರ್ಷದ ಪಾಠವನ್ನು ಕೊಂದಿತು ಅಂತ ಯಾರೂ ಲೆಕ್ಕ ಇಡೋದಿಲ್ಲ. 'ಹ'ಕಾರ ಬಿಡೋದು ತಪ್ಪಲ್ಲ, ಅದು ಒಂದು ಆಡುನುಡಿಯ ನಿಯಮ. ಒಬ್ಬನ ನಾಲಿಗೆಯ ಸೋಮಾರಿತನವೂ ಅಲ್ಲ, ಒಂದಿಡೀ ಸೀಮೆ ಹಾಗೆ ಮಾತಾಡ್ತದೆ. ಮೇಷ್ಟ್ರು ಅದನ್ನು ಬೋರ್ಡಿನ ಮೇಲೆ ಎರಡು ಸಾಲಾಗಿ ಬರೆದು, ಇದು ನಮ್ಮ ಮನೆಮಾತು, ಇದು ಪುಸ್ತಕದ ಮಾತು, ಎರಡೂ ಕನ್ನಡವೇ ಅಂದರೆ ಸಾಕು. ಹುಡುಗ ಎರಡನ್ನೂ ಕಲೀತಾನೆ. ಲಂಬಾಣಿ ತಾಂಡಾದಿಂದ ಬಂದವನಿಗೆ, ಮನೆಯಲ್ಲಿ ಉರ್ದು ಆಡುವವನಿಗೆ, ತುಳುವಿನವನಿಗೆ, ಗಡಿಸೀಮೆಯ ತೆಲುಗಿನವನಿಗೆ ಪುಸ್ತಕದ ಕನ್ನಡವೇ ಎರಡನೇ ಭಾಷೆ. ಅವರನ್ನೆಲ್ಲ ಒಂದೇ ಅಳತೆಗೋಲಿನಿಂದ ಅಳೆದು ದಡ್ಡರ ಬೆಂಚಿಗೆ ತಳ್ಳೋದು ಅಂದರೆ ಮತ್ತೆ ಜಗಲಿಗೆ ತಳ್ಳಿದ ಹಾಗೇ. ನೋಡಿ, ಕೇರಿಯ ಅದೇ ನಾಲಿಗೆಯಲ್ಲಿ ದೇವನೂರ ಮಹಾದೇವ 'ಕುಸುಮಬಾಲೆ' ಬರೆದರು. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅದಕ್ಕೆ ಪ್ರಶಸ್ತಿ ಕೊಟ್ಟಿತು. ದಿಲ್ಲಿಗೆ ಕೇಳಿಸಿದ್ದು ಪಕ್ಕದ ಹೈಸ್ಕೂಲಿಗೆ ಕೇಳಿಸಲಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಗಂಡುಹುಡುಗನಿಗೆ ಎರಡು ಗೋಡೆ ಇದ್ದರೆ ಅವಳಿಗೆ ನಾಲ್ಕು. ಮೈನೆರೆದ ದಿನವೇ ಶಾಲೆ ಮುಗಿಯಿತು ಅನ್ನೋ ಮನೆಗಳು. ಬಾಗಿಲಿಲ್ಲದ ಕಕ್ಕಸು, ನೀರಿಲ್ಲದ ತೊಟ್ಟಿ. ಮೂರು ಮೈಲಿ ನಡೆದುಹೋಗುವ ದಾರಿಯಲ್ಲಿ ಊರ ಪಡ್ಡೆಗಳು. ಬೆಳಗಾವಿ, ಬಿಜಾಪುರ, ರಾಯಚೂರು, ಬಳ್ಳಾರಿ ಸೀಮೆಯಲ್ಲಿ ದೇವಿಗೆ ಬಿಡುವ ಪಿಡುಗು. ಹೈಸ್ಕೂಲಿನ ವಯಸ್ಸಿಗೆ ಬಂದ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ಅವಳ ಬಾಳನ್ನೇ ಒತ್ತೆ ಇಟ್ಟರು. ಅದರ ವಿರುದ್ಧ ಕರ್ನಾಟಕದ ಕಾನೂನು ಬಂದದ್ದು 1982ರಲ್ಲಿ. ಅಂಥ ತಾಯಿಯ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಎಲ್ಲರ ಎದುರು "ಅಪ್ಪನ ಹೆಸರೇನು?" ಅಂತ ಕೂಗಿ ಕೇಳುವ ರಿಜಿಸ್ಟರು ಒಂದು ಆಯುಧವೇ. ಮುಕ್ತಾಬಾಯಿ ಬರೆದ ವಯಸ್ಸಿನಲ್ಲಿ ನಮ್ಮ ಎಷ್ಟು ಹೆಣ್ಣುಮಕ್ಕಳು ಬಳಪ ಕೆಳಗಿಟ್ಟರು ಅನ್ನೋದೂ ಶಿಕ್ಷಣದ ಚರಿತ್ರೆಯೇ.

ಈಗ ಕಾಲ ಬದಲಾಗಿದೆ ಅಂತಾರೆ. ಬದಲಾಗಿದೆ, ನಾವು ಇಲ್ಲ ಅನ್ನೋದಿಲ್ಲ. 1961ರ ಜನಗಣತಿಯಲ್ಲಿ ದೇಶದ ಪರಿಶಿಷ್ಟ ಜಾತಿಗಳಲ್ಲಿ ಅಕ್ಷರ ಬಲ್ಲವರು ನೂರಕ್ಕೆ 10 ಜನ. 2011ರಲ್ಲಿ 66. ಇದು ಸರ್ಕಾರ ಕೊಟ್ಟ ಭಿಕ್ಷೆಯಲ್ಲ. ಎಮ್ಮೆ ಮಾರಿ, ಕೂಲಿ ಮಾಡಿ, ಜೀತ ಬಿಡಿಸಿಕೊಂಡು ಓದಿಸಿದ ಅವ್ವಂದಿರ ಗಳಿಕೆ. 2002ರಲ್ಲಿ ಸಂವಿಧಾನಕ್ಕೆ 21ಎ ವಿಧಿ ಸೇರಿತು. 2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಬಂತು. ಮಕ್ಕಳನ್ನು ಹೊಡೆಯಕೂಡದು, ಮನಸ್ಸು ನೋಯಿಸಕೂಡದು, ಚಟುವಟಿಕೆಯ ಮೂಲಕ ಕಲಿಸಬೇಕು, ಆದಷ್ಟೂ ಮಾತೃಭಾಷೆಯಲ್ಲಿ ಕಲಿಸಬೇಕು ಅಂತ ಕಾಯಿದೆಯಲ್ಲೇ ಬರೆದಿದೆ. ಒಳ್ಳೆಯ ಮಾತು. ಆದರೆ ಆ ಹಕ್ಕಿನ ವಯಸ್ಸು 6ರಿಂದ 14. ಹದಿನಾಲ್ಕಕ್ಕೆ ಕೈಬಿಡುತ್ತದೆ. ಸರಿಯಾಗಿ ಒಂಬತ್ತನೇ ತರಗತಿಯ ಹೊಸ್ತಿಲಲ್ಲಿ, ಎಸ್.ಎಸ್.ಎಲ್.ಸಿ.ಯ ಭಯ ಶುರುವಾಗುವ ಹೊತ್ತಲ್ಲಿ, ಅಪ್ಪ "ಸಾಕು ಬಾ, ಗಾರೆ ಕೆಲಸಕ್ಕೆ ಹೋಗು" ಅನ್ನುವ ಹೊತ್ತಲ್ಲಿ ಕಾನೂನು ಬೆನ್ನು ತಿರುಗಿಸುತ್ತದೆ.

ಮತ್ತು ಕೋಣೆಯೊಳಗೆ? ಮೂಲೆಯ ಗೋಣಿತಾಟು ಹೋಗಿದೆ, ಮೂಲೆ ಹೋಗಿಲ್ಲ. "ಎಸ್.ಸಿ., ಎಸ್.ಟಿ. ಹುಡುಗರೆಲ್ಲ ಎದ್ದು ನಿಲ್ಲಿ, ಸ್ಕಾಲರ್‌ಶಿಪ್ ಫಾರಂ ಬಂದಿದೆ" ಅಂತ ತುಂಬಿದ ಕ್ಲಾಸಿನಲ್ಲಿ ಕೂಗೋದನ್ನು ನಾವು ಕೇಳಿದ್ದೇವೆ. ಎದ್ದು ನಿಂತವರ ಕಡೆಗೆ ತಿರುಗುವ ಕಣ್ಣುಗಳನ್ನು ನೋಡಿದ್ದೇವೆ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಅಂತ ಹೆಸರಿಟ್ಟದ್ದು ಇಂಥ ಹೀಯಾಳಿಕೆಯ ಮಾತನ್ನೇ ಎತ್ತಿಕೊಂಡು. ಕಕ್ಕಸು ತೊಳೆಯೋಕೆ ಯಾರನ್ನು ಕರೀತಾರೆ, ಸ್ಟಾಫ್ ರೂಮಿಗೆ ಕಾಫಿ ತರೋಕೆ ಯಾರನ್ನು ಕಳಿಸ್ತಾರೆ ಅಂತ ಒಂದು ವಾರ ಗಮನಿಸಿ. ಊರಿನ ನಕ್ಷೆ ಶಾಲೆಯಲ್ಲೂ ಸಿಗುತ್ತದೆ. ಬಿಸಿಯೂಟದ ಅಡುಗೆ ದಲಿತ ಹೆಂಗಸು ಮಾಡಿದರೆ ಮಕ್ಕಳನ್ನು ಊಟಕ್ಕೆ ಬಿಡದ ಊರುಗಳ ಸುದ್ದಿ ಪೇಪರಿನಲ್ಲಿ ಬಂದೇ ಬರುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವಲ್ಲ. ಒಂದು ಬಜೆಟ್ಟೂ ಬೇಡ. ಬೆಂಚಿನ ಸಾಲು ವಾರಕ್ಕೊಮ್ಮೆ ತಿರುಗಲಿ, ಹಿಂದಿನವರು ಮುಂದೆ ಬರಲಿ. ಸ್ಕಾಲರ್‌ಶಿಪ್ಪಿನ ಮಾತು ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಆಗಲಿ. ಕಸ ಗುಡಿಸುವ ಪಾಳಿ ಎಲ್ಲರಿಗೂ ಹಾಜರಿ ಪಟ್ಟಿಯ ಪ್ರಕಾರ ಬರಲಿ, ಮೇಷ್ಟ್ರ ಮಗನಿಗೂ ಬರಲಿ. ನೋಟ್‌ಬುಕ್ಕನ್ನು ಕೈಯಲ್ಲಿ ಹಿಡಿದು, ತಪ್ಪು ಯಾಕೆ ತಪ್ಪು ಅಂತ ಹೇಳಿ ತಿದ್ದಲಿ. ಬೆಳಿಗ್ಗೆ ದನ ಮೇಯಿಸಿ ಬಂದವನಿಗೂ, ಟ್ಯೂಷನ್ನು ಮುಗಿಸಿ ಬಂದವನಿಗೂ ಒಂದೇ ವೇಗದಲ್ಲಿ ಪಾಠ ಓಡಿಸಿ "ಸಮಾನವಾಗಿ ನೋಡಿದೆ" ಅನ್ನಬೇಡಿ. ಕಣ್ಣು ಮಂದವಾದವನಿಗೆ, ಕಿವಿ ಕೇಳದವಳಿಗೆ, ಮನೆಯಲ್ಲಿ ಪುಸ್ತಕವನ್ನೇ ಕಾಣದವನಿಗೆ ಅವರವರಿಗೆ ಬೇಕಾದ್ದು ಕೊಡೋದೇ ಸಮಾನತೆ. ಚರ್ಮ ಹದಮಾಡುವ ಅಪ್ಪನಿಗೆ ಸುಣ್ಣದ ನೀರಿನ, ತಂಗಡಿ ಚಕ್ಕೆಯ ಗುಣ ಗೊತ್ತು. ಅದು ರಸಾಯನಶಾಸ್ತ್ರ. ತಮಟೆ ಬಡಿಯುವ ಚಿಕ್ಕಪ್ಪನ ಕೈಯಲ್ಲಿ ಲೆಕ್ಕ ಇದೆ. ಸೂಲಗಿತ್ತಿ ಅಜ್ಜಿಯ ಕೈಯಲ್ಲಿ ಜೀವಶಾಸ್ತ್ರ ಇದೆ. ಅವನ್ನು ಪಾಠದೊಳಕ್ಕೆ ಕರೀರಿ. ಆದರೆ ಅದೇ ಕಸುಬಿಗೆ ಮಗನನ್ನು ಕಟ್ಟಿಹಾಕೋಕೆ ಅಲ್ಲ. ಆ ಕಸುಬಿನಲ್ಲಿದ್ದ ತಿಳಿವಳಿಕೆಗೆ ಮೊದಲ ಸಲ ಮರ್ಯಾದೆ ಕೊಟ್ಟು, ಅಲ್ಲಿಂದ ಅವನನ್ನು ಅವನಿಷ್ಟದ ಕಡೆಗೆ ಬಿಡೋಕೆ.

ನಮ್ಮಲ್ಲೂ ಈಗ ಮೇಷ್ಟ್ರುಗಳಿದ್ದಾರೆ, ಮೇಡಂಗಳಿದ್ದಾರೆ, ಹೆಡ್‌ಮಾಸ್ಟರುಗಳಿದ್ದಾರೆ. ಅವರಿಗೂ ಒಂದು ಮಾತು. ಸಂಬಳ, ಸೈಟು, ಟ್ರಾನ್ಸ್‌ಫರಿನ ಲೆಕ್ಕದಲ್ಲಿ ಕೇರಿಯ ದಾರಿ ಮರೀಬೇಡಿ. ನೀವು ಪಾಠ ಮಾಡುವ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಒಬ್ಬ ಸುಮ್ಮನೆ ಕೂತಿರ್ತಾನೆ. ಅವನಿಗೆ ಉತ್ತರ ಗೊತ್ತು, ನಾಲಿಗೆ ಏಳುತ್ತಿಲ್ಲ. ನಾಳೆ ಬೆಳಿಗ್ಗೆ ಮೊದಲ ಪಿರಿಯಡ್ಡಿನಲ್ಲಿ ಅವನ ಹೆಸರು ಹಿಡಿದು ಕರೀರಿ, ಅವನು 'ಆಲು' ಅಂದರೂ ನಗದೆ ಪೂರ್ತಿ ಹೇಳೋವರೆಗೂ ಕಾಯಿರಿ.